ಹಸಿರು ಬಟನ್ನಿನ ‘ತಿಳೀತ್ರಿ’

ಕೊರೋನಾ ಮುಗಿದ ಮರುವರ್ಷ ನಾನು ಹೊಸಪೇಟೆಯ ಒಂದು ಸಣ್ಣ ಕಚೇರಿಯಲ್ಲಿ ಡಿಸೈನರ್ ಆಗಿದ್ದೆ. ಝೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆ, ನಾಲ್ಕು ಜನ, ಒಂದು ಎ.ಸಿ.; ಅದು ಬೇಸಿಗೆ ಬಂದಾಗಲೇ ಕೈಕೊಡುತ್ತಿತ್ತು. ಹೊರರಾಜ್ಯಗಳಿಂದ ಕೆಲಸಕ್ಕೆ ಬಂದವರಿಗೆ ಮೊಬೈಲಿನಲ್ಲಿ ಕನ್ನಡ ಕಲಿಸುವ ಆ್ಯಪ್ ತಯಾರಿಸುವುದು ನಮ್ಮ ಕೆಲಸ. ಪಾಠ ಬರೆಯುವವರು ಗಂಗಮ್ಮ ಟೀಚರ್, ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಆ ಪಾಠ ಪರದೆಯ ಮೇಲೆ ಹೇಗೆ ಕಾಣಬೇಕು, ಯಾವ ಬಣ್ಣ, ಬಟನ್ ಎಲ್ಲಿ, ಎಷ್ಟು ದೊಡ್ಡದು ಎಂದು ತೀರ್ಮಾನಿಸುವವಳು ನಾನು. ಇದಕ್ಕೆ ಇಂಟರ್‌ಫೇಸ್ ಡಿಸೈನ್ ಎನ್ನುತ್ತಾರೆ. ನನ್ನ ಅಪ್ಪ ಕಂಪ್ಲಿಯಲ್ಲಿ ಲಾರಿಗಳಿಗೆ ಬಣ್ಣ ಬರೆಯುತ್ತಿದ್ದರು. ಅವರು ತಗಡಿನ ಮೇಲೆ, ನಾನು ಗಾಜಿನ ಮೇಲೆ, ವ್ಯತ್ಯಾಸ ಅಷ್ಟೇ ಎಂದು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಬಣ್ಣದಿಂದ ಜೀವಕ್ಕೆ ಅಪಾಯವಾದೀತು ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆ ವರ್ಷ ಯಶವಂತನಗರದ ಆಚೆಯ ಗುಡ್ಡದ ಒಂದು ಅದಿರು ಗಣಿಯವರು ನಮ್ಮ ಆ್ಯಪ್ ಕೇಳಿದರು. ಅವರ ಕೂಲಿಗಳಲ್ಲಿ ಬಹಳ ಮಂದಿ ಜಾರ್ಖಂಡ್ ಕಡೆಯವರು. ಸಂತೆ, ಬಸ್ಸು, ಆಸ್ಪತ್ರೆಯ ಮಾತುಗಳ ಜೊತೆಗೆ ಹತ್ತು ಸುರಕ್ಷತೆಯ ಪಾಠಗಳೂ ಬೇಕಿದ್ದವು. ಪಾಠದ ಕ್ರಮ ಸರಳ. ‘ಅಲ್ಲೇ ನಿಂದರ್ರಿ’, ‘ಶೆಲ್ಟರಿಗೆ ಹೋಗ್ರಿ’ ಎಂಬಂಥ ಒಂದು ವಾಕ್ಯ ಕೇಳಿಸುತ್ತದೆ, ಕೆಳಗೆ ಮೂರು ಚಿತ್ರಗಳಿರುತ್ತವೆ, ಸರಿಯಾದದ್ದನ್ನು ಒತ್ತಬೇಕು. ಮೊದಲ ಸಲ ಇದನ್ನು ಬಣ್ಣವಿಲ್ಲದೆ ಮಾಡಿ ಕೊಟ್ಟಾಗ ಜನ ಮೂರನೆಯ ಪಾಠಕ್ಕೇ ಬೇಸತ್ತು ಬಿಟ್ಟುಬಿಟ್ಟರು.

ಆಗ ನಾನು ನನ್ನ ಜಾಣತನ ತೋರಿಸಿದೆ. ವಾಕ್ಯ ಬರುವ ಮೇಲಿನ ಪಟ್ಟಿಗೊಂದು ಬಣ್ಣ ಕೊಟ್ಟೆ: ನಿಲ್ಲು ಎಂಬುದಕ್ಕೆ ಕೆಂಪು, ನಡೆ ಎಂಬುದಕ್ಕೆ ಹಸಿರು, ದಾರಿ ಬದಲಿಸು ಎಂಬುದಕ್ಕೆ ಹಳದಿ. ಅದಕ್ಕೆ ಹೊಂದುವ ಚಿತ್ರದ ಸುತ್ತಲೂ ಅದೇ ಬಣ್ಣದ ಅಂಚು. ಪ್ರತಿ ಪಾಠದ ಕೊನೆಗೆ ಪರದೆಯ ಅಗಲಕ್ಕೂ ಹರಡಿದ ಹಸಿರು ಬಟನ್, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ತಿಳೀತ್ರಿ’. ಅದನ್ನು ಒತ್ತಿದರೆ ಗಣಿಯ ಮೇಸ್ತ್ರಿಯ ದನಿಯಲ್ಲಿ ‘ತಿಳೀತೇನು?’ ಎಂದು ಕೇಳುತ್ತದೆ, ‘ತಿಳೀತ್ರಿ’ ಎಂದು ಬಾಯಿಬಿಟ್ಟು ಹೇಳಿದರೆ ಮುಂದಿನ ಪಾಠ. ಈ ಸಲ ಒಬ್ಬರೂ ಅರ್ಧಕ್ಕೆ ಬಿಡಲಿಲ್ಲ. ಬಹುತೇಕ ಎಲ್ಲರಿಗೂ ನೂರಕ್ಕೆ ನೂರು.

ಗಂಗಮ್ಮ ಟೀಚರ್ ಮಾತ್ರ ಫೋನನ್ನು ದೂರ ಹಿಡಿದು ನೋಡಿ ಹೇಳಿದರು: “ಚಂದ ಐತವ್ವ. ಆದ್ರ ಮಂದಿ ಕೇಳಾಕತ್ತಾರೋ, ಬರೇ ನೋಡಾಕತ್ತಾರೋ?”

“ಟೀಚರ್, ಇದು ನಿಮ್ಮ ಕಾಲದ ಕರಿಹಲಗಿ ಅಲ್ರಿ,” ಎಂದೆ. ಅವರು ನಕ್ಕು ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು. ಆ ಪ್ರಶ್ನೆಗೆ ಅಂದೇ ಉತ್ತರ ಹುಡುಕಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಪಾಠ ಮುಗಿಸಿದವರಿಗೆ ಸರ್ಟಿಫಿಕೇಟ್ ಕೊಡಲು ಗಣಿಗೆ ಹೋದೆ. ಹೆಲ್ಮೆಟ್ ಹಾಕಿಸಿ, ಕೆಂಪು ಧೂಳಿನ ದಾರಿಯಲ್ಲಿ ನನ್ನನ್ನು ಕರೆದೊಯ್ದವರು ಫೋರ್‌ಮನ್ ಹನುಮಂತಪ್ಪ. ಸಂಡೂರಿನವರು, ಮಾತು ಕಡಿಮೆ. ಅಂದು ಮಧ್ಯಾಹ್ನ ಒಂದೂವರೆಗೆ ಬ್ಲಾಸ್ಟಿಂಗ್ ಇತ್ತು. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುವುದು. ಅದಕ್ಕೆ ಮುಂಚೆ ಸುತ್ತಲಿನ ಜನರನ್ನೆಲ್ಲ ತೆರವು ಮಾಡುತ್ತಾರೆ. ನನಗೆ ಮೊದಲಿಂದಲೂ ಪಟಾಕಿಯೆಂದರೆ ಭಯ. ಆಫೀಸಿನೊಳಗೇ ಕೂತಿರುತ್ತೇನೆ ಎಂದು ಮೊದಲೇ ಹೇಳಿಬಿಟ್ಟಿದ್ದೆ.

ಆಫೀಸಿನ ಪಕ್ಕದ ಫಸ್ಟ್ ಏಡ್ ಕೋಣೆಯಲ್ಲಿ ಒಬ್ಬ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಹೆಸರು ಬುಧ್‌ರಾಮ್, ಮೂವತ್ತರ ಆಸುಪಾಸು, ಜಾರ್ಖಂಡಿನವನು. ಬೆಳಿಗ್ಗೆ ಕಲ್ಲು ತಾಗಿ ಬೆರಳು ಜಜ್ಜಿತ್ತು. ನನ್ನ ಅಂಕಪಟ್ಟಿಯಲ್ಲಿ ಅವನಿಗೆ ನೂರಕ್ಕೆ ನೂರು. ಫೋಟೋಗೆ ಚಂದ ಕಾಣಲೆಂದು, ಒಂದು ಪಾಠ ಮಾಡಿ ತೋರಿಸು ಎಂದು ಅವನ ಫೋನು ತೆಗೆಸಿದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಹಾಕಿದ್ದರಿಂದ ಪರದೆಯೆಲ್ಲ ಕಪ್ಪು ಬಿಳುಪಾಗಿತ್ತು. ಇರಲಿ ಎಂದುಕೊಂಡೆ.

‘ಅಲ್ಲೇ ನಿಂದರ್ರಿ’ ಎಂದಿತು ಆ್ಯಪ್. ಅವನು ನಡೆಯುತ್ತಿರುವ ಮನುಷ್ಯನ ಚಿತ್ರ ಒತ್ತಿದ. ತಪ್ಪು. ‘ಕೆಳಗಿನ ದಾರಿ ಬಿಟ್ಟು ಶೆಲ್ಟರಿಗೆ ಹೋಗ್ರಿ’ ಎಂದಿತು. ಅವನು ಕೆಳಗಿನ ದಾರಿಯನ್ನೇ ಒತ್ತಿದ. ಐದಕ್ಕೆ ಐದೂ ತಪ್ಪು. ನನ್ನೆದುರು ಗಾಬರಿಯಾಗಿರಬೇಕು ಎಂದುಕೊಂಡು, ಫೋನು ಇಸಿದುಕೊಂಡು ಬಣ್ಣ ಬರುವಂತೆ ಮಾಡಿ ಕೊಟ್ಟೆ. ಅವನ ಮುಖ ಅರಳಿತು. ವಾಲ್ಯೂಮ್ ಪೂರ್ತಿ ಇಳಿಸಿ, ಒಂದೇ ನಿಮಿಷದಲ್ಲಿ ಐದನ್ನೂ ಸರಿ ಒತ್ತಿದ. ಮೇಲೆ ಕೆಂಪಿದ್ದರೆ ಕೆಳಗೆ ಕೆಂಪು. ಮೇಲೆ ಹಳದಿಯಿದ್ದರೆ ಕೆಳಗೆ ಹಳದಿ.

ಸೌಂಡ್ ಯಾಕೆ ತೆಗೆದೆ ಎಂದು ನನ್ನ ಸಂತೆಯ ಹಿಂದಿಯಲ್ಲಿ ಕೇಳಿದೆ. ಕೋಣೆಯಲ್ಲಿ ಎಂಟು ಮಂದಿ ಮಲಗುತ್ತಾರೆ, ಅವರಿಗೆ ತೊಂದರೆಯಾಗಬಾರದೆಂದು ಎಲ್ಲರೂ ಹೀಗೇ ಮಾಡುತ್ತೇವೆ ಎಂದ. ಕೊನೆಯ ಹಸಿರು ಬಟನ್ನಿಗೂ ಸೌಂಡ್ ಬೇಕಿಲ್ಲ, ಹೇಳಬೇಕಾದ ಮಾತು ಬಾಯಿಪಾಠ ಇದೆ ಎಂದು ಹೆಮ್ಮೆಯಿಂದ ಹೇಳಿದ.

ಕನ್ನಡದಲ್ಲಿ ನಿಧಾನವಾಗಿ ಕೇಳಿದೆ: “ಬುಧ್‌ರಾಮ್, ನಿಮ್ಮ ಕೈಗೆ ಏನಾಯ್ತು?”

“ತಿಳೀತ್ರಿ,” ಎಂದು ನಕ್ಕ. ಉಚ್ಚಾರಣೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಹೊಸಪೇಟೆಯಲ್ಲೇ ಹುಟ್ಟಿದವನೆನ್ನಬೇಕು.

ಪಕ್ಕದ ಕೋಣೆಗೆ ಓಡಿ ಹನುಮಂತಪ್ಪನವರಿಗೆ ವಿಷಯ ಹೇಳಿದೆ. ಅವರು ಕುರ್ಚಿಯಿಂದ ಎದ್ದು ನಿಂತರು.

“ಮೇಡಮ್ಮೋರ, ಇವನ ಗ್ಯಾಂಗಿನ ಹತ್ತು ಮಂದಿ ಮ್ಯಾಲಿನ ಬೆಂಚಿನ್ಯಾಗ ಅದಾರ. ಖಾಜಾ ಅಂತ ಒಬ್ಬಂವ ಇದ್ದ, ನಾ ಹೇಳಿದ್ದು ಅವರಿಗೆ ಹಿಂದ್ಯಾಗ ಹೇಳ್ತಿದ್ದ. ನಿಮ್ಮ ಪಟ್ಟ್ಯಾಗ ಎಲ್ಲರಿಗೂ ನೂರು ಬಂದೈತಿ ಅಂತ ಸೋಮವಾರ ಅವನ್ನ ತೂಕದ ಕಾಟಾಕ್ಕ ಕಳಿಸೀನಿ.”

ಗುಡ್ಡವನ್ನು ಮೆಟ್ಟಿಲಿನಂತೆ ಕಡಿಯುತ್ತ ಹೋಗುತ್ತಾರೆ; ಒಂದೊಂದು ಮೆಟ್ಟಿಲಿಗೂ ಬೆಂಚ್ ಎನ್ನುತ್ತಾರೆ. ದಿನವೂ ಆ ಗ್ಯಾಂಗು ಊಟಕ್ಕೆ ಕೆಳಗಿನ ದಾರಿಯಿಂದ ಇಳಿದು ಬರುತ್ತಿತ್ತು. ಅಂದು ಮದ್ದು ತುಂಬಿದ್ದು ಅದೇ ದಾರಿಯ ಮಗ್ಗುಲಲ್ಲಿ. ಗುಡ್ಡ ಅಡ್ಡವಿರುವುದರಿಂದ ಮೇಲಿನ ಬೆಂಚಿಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಸೈರನ್ನೂ ಸರಿಯಾಗಿ ಕೇಳಿಸುವುದಿಲ್ಲ. ಆದ್ದರಿಂದ ಹನುಮಂತಪ್ಪನವರು ವಾಕಿ-ಟಾಕಿಯಲ್ಲಿ, ಇವತ್ತು ಕೆಳಗಿನ ದಾರಿ ಬ್ಯಾಡ, ಅಲ್ಲೇ ಮೇಲಿನ ಶೆಲ್ಟರಿನಲ್ಲಿ ಕುಂದ್ರಿ ಎಂದು ಹತ್ತು ನಿಮಿಷದ ಹಿಂದಷ್ಟೇ ಹೇಳಿದ್ದರು.

“ಅವರು ಏನಂದ್ರು?” ಎಂದೆ. ಉತ್ತರ ನನಗೆ ಗೊತ್ತಿತ್ತು.

“ತಿಳೀತ್ರಿ ಅಂದ್ರು.”

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಬುಧ್‌ರಾಮನನ್ನು ಎಳೆದುಕೊಂಡು ಬಂದು ವಾಕಿ-ಟಾಕಿ ಅವನ ಬಾಯಿಗೆ ಹಿಡಿದರು. ಅವನು ತನ್ನ ಭಾಷೆಯಲ್ಲಿ ಕೂಗಿದ. ಗರಗರ ಸದ್ದು ಬಿಟ್ಟರೆ ಉತ್ತರವಿಲ್ಲ. ಮತ್ತೆ ಕೂಗಿದ. ಊಟಕ್ಕೆ ಹೊರಡುವಾಗ ಅವರು ಸೆಟ್ಟನ್ನು ಬೆಂಚಿನ ಗುಡಿಸಿಲಲ್ಲೇ ನೇತುಹಾಕಿ ಬರುತ್ತಾರೆ ಎಂದು ಅವನೇ ಹೇಳಿದ. ಅಂದರೆ ಅವರು ಹೊರಟಾಗಿತ್ತು.

“ಬ್ಲಾಸ್ಟರ್‌ಗೆ ಹೇಳ್ರಿ, ನಿಲ್ಲಿಸಲಿ,” ಎಂದೆ. ಸಿಡಿಸುವ ಕೆಲಸದ ಹೊಣೆ ಹೊತ್ತವನು ಬ್ಲಾಸ್ಟರ್.

“ಮದ್ದಿನ ಹತ್ರ ವಾಕಿ-ಟಾಕಿ, ಮೊಬೈಲು ಎಲ್ಲಾ ಬಂದ್ ಮಾಡಿರ್ತಾರ. ಅದರಿಂದನ ಸಿಡೀಬಹುದು ಅಂತ ರೂಲ್ ಐತಿ. ಹೋಗೇ ಹೇಳಬೇಕು. ಬರ್ರಿ, ಜಲ್ದಿ.”

ನಾನು ಜೀಪು ಹತ್ತಿದ್ದು ಧೈರ್ಯದಿಂದಲ್ಲ. ಆ ಕೋಣೆಯಲ್ಲಿ ಗಡಿಯಾರದ ಜೊತೆ ಒಬ್ಬಳೇ ಕೂರುವ ಭಯ ಇನ್ನೂ ದೊಡ್ಡದಾಗಿತ್ತು. ಜೀಪು ಎಗರಿದಾಗಲೆಲ್ಲ ನನ್ನ ತಲೆ ಮೇಲಿನ ಕಂಬಿಗೆ ಬಡಿಯುತ್ತಿತ್ತು; ಹೆಲ್ಮೆಟ್ ಆಫೀಸಿನಲ್ಲೇ ಬಿಟ್ಟುಬಂದಿದ್ದೆ. ಬುಧ್‌ರಾಮ್ ಒಂದೇ ಸಮನೆ ‘ಭೈಯಾ, ಭೈಯಾ’ ಎನ್ನುತ್ತಿದ್ದ. ಆ ಹತ್ತು ಮಂದಿಯಲ್ಲಿ ಅವನ ಅಣ್ಣ ಸೋಮ್ರಾ ಇದ್ದಾನೆಂದು ನನಗೆ ತಿಳಿದದ್ದು ಆಗ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವರು ಅವರು. ಇದೊಂದೇ ಯೋಚನೆ ತಲೆಯೊಳಗೆ ಸುತ್ತುತ್ತಿತ್ತು.

ಕೆಳಗಿನ ದಾರಿಯ ಬುಡದಲ್ಲಿ ಕೆಂಪು ಬಾವುಟ ಹಿಡಿದ ಕಾವಲುಗಾರ ಜೀಪಿಗೆ ಅಡ್ಡ ನಿಂತ. ಕೆಳಗಿನಿಂದ ಯಾರೂ ಹೋಗದಂತೆ ಅವನಿದ್ದ. ಮೇಲಿನ ತುದಿಗೆ ಯಾರೂ ಇರಲಿಲ್ಲ. ಅಲ್ಲಿದ್ದವರು ‘ತಿಳೀತ್ರಿ’ ಎಂದಿದ್ದರಲ್ಲ. ಹನುಮಂತಪ್ಪನವರು ಜೀಪಿನಿಂದ ಹಾರಿ, ಸೀಟಿ ಊದುತ್ತ, ಬ್ಲಾಸ್ಟರ್ ಕೂತಿದ್ದ ತಗಡಿನ ಶೆಲ್ಟರಿನ ಕಡೆ ಓಡಿದರು. ಐವತ್ತು ದಾಟಿದ ಮನುಷ್ಯ ಆ ಕಲ್ಲುಗಳ ಮೇಲೆ ಹುಡುಗನ ಹಾಗೆ ಓಡಿದರು. ನನ್ನ ಗಡಿಯಾರದಲ್ಲಿ ಒಂದು ಇಪ್ಪತ್ತನಾಲ್ಕು.

ಅಷ್ಟರಲ್ಲಿ ತಿರುವಿನಲ್ಲಿ ಹಳದಿ ಹೆಲ್ಮೆಟ್ಟುಗಳು ಕಂಡವು. ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು, ಮಾತಾಡುತ್ತ, ಮದ್ದು ತುಂಬಿದ ಗೋಡೆಯ ಕೆಳಗೇ ಸಾಲಾಗಿ ಬರುತ್ತಿದ್ದರು. ಒಬ್ಬ ಯಾವುದೋ ತಮಾಷೆಗೆ ನಗುತ್ತಿದ್ದ. ಬುಧ್‌ರಾಮ್ ಕೂಗಿದ, ಪಟ್ಟಿ ಕಟ್ಟಿದ ಕೈಯನ್ನು ಬೀಸಿದ. ಅವರಿಗೆ ಅರ್ಥವಾಗಿ, ಡಬ್ಬಿಗಳನ್ನು ಅಲ್ಲೇ ಎಸೆದು ನಮ್ಮ ಕಡೆ ಓಡಿಬಂದರು.

ಎಣಿಸಿದೆ. ಒಂಬತ್ತು. ಮತ್ತೆ ಎಣಿಸಿದೆ. ಒಂಬತ್ತೇ.

ಬ್ಲಾಸ್ಟರ್ ಇದ್ದ ಶೆಲ್ಟರಿನ ಕಡೆಯಿಂದ ಇನ್ನೂ ಯಾವ ಸುದ್ದಿಯೂ ಇರಲಿಲ್ಲ. ಸೋಮ್ರಾ ಇಲ್ಲ ಎಂದು ಬುಧ್‌ರಾಮ್ ತಿರುವಿನತ್ತ ನುಗ್ಗಿದ; ಕಾವಲುಗಾರನೂ ಇನ್ನಿಬ್ಬರೂ ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ನಾನು ಕಿವಿ ಮುಚ್ಚಿಕೊಂಡು, ಕಣ್ಣು ಮಾತ್ರ ತೆರೆದು ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ತಿರುವಿನಲ್ಲಿ ಹತ್ತನೆಯ ಹೆಲ್ಮೆಟ್ ಕಾಣಿಸಿತು. ಸೋಮ್ರಾ ನಿಧಾನವಾಗಿ ಬರುತ್ತಿದ್ದ. ಎರಡೂ ಕೈಯಲ್ಲಿ ಒಂದೊಂದು ಡಬ್ಬಿ. ತಮ್ಮ ಬುಧ್‌ರಾಮ್ ಬುತ್ತಿಯನ್ನು ಮೇಲೆಯೇ ಬಿಟ್ಟುಹೋಗಿದ್ದಾನೆಂದು ಅದನ್ನು ತರಲು ಹಿಂದಿರುಗಿ ಹೋಗಿದ್ದನಂತೆ. ಅವನು ನಮ್ಮನ್ನು ಮುಟ್ಟುವ ಹೊತ್ತಿಗೆ ಮೇಲಿನಿಂದ ಹನುಮಂತಪ್ಪನವರ ಉದ್ದನೆಯ ಸೀಟಿ ಕೇಳಿಸಿತು. ಬ್ಲಾಸ್ಟರ್ ನಿಲ್ಲಿಸಿದ್ದ. ಹೋದ ಜೀವ ಬಂದಂತಾಯಿತು.

ಹನುಮಂತಪ್ಪನವರು ಏದುಸಿರು ಬಿಡುತ್ತ ಇಳಿದು ಬಂದು, ಸಾಲಿನ ಮುಂದಿದ್ದವನನ್ನು ಕೇಳಿದರು: “ನಾ ಏನ್ ಹೇಳಿದ್ದೆ ನಿಮಗ?”

ಅವನು ಎಲ್ಲರ ಮುಖ ನೋಡಿ ಹೇಳಿದ: “ತಿಳೀತ್ರಿ.”

ಹನುಮಂತಪ್ಪನವರು ಅಲ್ಲೇ ಕಲ್ಲಿನ ಮೇಲೆ ಕೂತು ನೀರು ಕೇಳಿದರು. ಎಲ್ಲರನ್ನೂ ಎಣಿಸಿ ಕೆಳಗೆ ಕಳಿಸಿದ ಮೇಲೆಯೇ ಸಿಡಿಸಿದ್ದು. ಸಂಜೆ ಆ ದಾರಿಯನ್ನು ತೋರಿಸಿದರು. ಗೋಣಿಚೀಲದಷ್ಟು ದಪ್ಪದ ಕಲ್ಲುಗಳು ಬಿದ್ದಿದ್ದವು. ಅವುಗಳ ನಡುವೆ ಒಂದು ಟಿಫಿನ್ ಡಬ್ಬಿ ಚಪ್ಪಟೆಯಾಗಿ ಬಿದ್ದಿತ್ತು. ಅದರ ಫೋಟೋ ತೆಗೆದುಕೊಂಡೆ.

ಅಂದೇ ಖಾಜಾ ಗ್ಯಾಂಗಿಗೆ ಮರಳಿದ. ದಾರಿಯ ಮೇಲಿನ ತುದಿಗೂ ಕಾವಲು ಬಂತು. ಹನುಮಂತಪ್ಪನವರು ತಪ್ಪನ್ನು ನನ್ನ ಮೇಲೆ ಹಾಕಲಿಲ್ಲ. “ನಂಬಿದಂವ ನಾನೂ ಅಲ್ಲೇನ್ರಿ,” ಎಂದರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಹೊಸಪೇಟೆಗೆ ಬಂದವಳೇ ಗಂಗಮ್ಮ ಟೀಚರ್ ಮನೆಗೆ ಹೋಗಿ, ನೀವು ಕೇಳಿದ್ದೇ ಸರಿ ಎಂದೆ. ಅವರು ಅದನ್ನು ಎತ್ತಿ ಆಡಲಿಲ್ಲ. “ಮೊದ್ಲು ಎರಡು ತುತ್ತು ಉಣ್ಣು. ಆಮ್ಯಾಲ ಬಣ್ಣ ತಗಿಯೂಣು,” ಎಂದರು.

ಇಬ್ಬರೂ ಕೂತು ಪಾಠಗಳನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಉತ್ತರ ಒತ್ತುವವರೆಗೆ ಪರದೆಯಲ್ಲಿ ಯಾವ ಬಣ್ಣವೂ ಇಲ್ಲ. ಸೌಂಡ್ ಇಳಿಸಿದರೆ ಸುರಕ್ಷತೆಯ ಪಾಠ ಮುಂದಕ್ಕೆ ಹೋಗುವುದೇ ಇಲ್ಲ. ಕೋಣೆಯಲ್ಲಿ ಮಲಗಿದವರ ನಿದ್ದೆಗೆಂದು ಗಣಿಯವರಿಂದ ಇಯರ್‌ಫೋನ್ ಕೊಡಿಸಿದೆವು. ಕೊನೆಯ ಪಾಠದಲ್ಲಿ ಪರದೆ ಪೂರ್ತಿ ಕಪ್ಪು, ವಾಕಿ-ಟಾಕಿಯ ಗರಗರ ಸದ್ದಿನ ನಡುವೆ ಬರೀ ದನಿ. ಹಸಿರು ಬಟನ್ ಕಿತ್ತುಹಾಕಿದೆ. ಅದೇ ಜಾಗದಲ್ಲಿ, ಅಷ್ಟೇ ಅಗಲಕ್ಕೆ, ಬೇರೊಂದು ಬಟನ್ ಇಟ್ಟೆ. ಎಲ್ಲರ ಅಂಕಗಳೂ ಪಾತಾಳಕ್ಕೆ ಇಳಿದವು. ಜನ ಬೈದರು, ನಮ್ಮ ಕಚೇರಿಯ ಯಜಮಾನರೂ ಮುಖ ಸಿಂಡರಿಸಿದರು. ಆ ಚಪ್ಪಟೆ ಡಬ್ಬಿಯ ಫೋಟೋ ತೋರಿಸಿದೆ. ಹೀಗೇ ಇರಲಿ ಎಂದು ಯಜಮಾನರು ಒಪ್ಪಿದರು.

ಕಲಿಯುವವನಿಗೆ ಅನುಕೂಲ ಮಾಡಿಕೊಡುವುದೇ ಡಿಸೈನರ್ ಕೆಲಸ ಎಂದು ನಂಬಿದ್ದೆ. ಆದರೆ ಪರದೆಯನ್ನು ಅಷ್ಟು ಸಲೀಸು ಮಾಡಿದಾಗ ಅವನು ಪರದೆಯನ್ನೇ ಕಲಿಯುತ್ತಾನೆ, ಭಾಷೆಯನ್ನಲ್ಲ. ಗುಡ್ಡದ ಮೇಲೆ ಪರದೆ ಇರುವುದಿಲ್ಲ. ಈ ಪಾಠ ನನಗೆ ಪುಕ್ಕಟೆ ಸಿಕ್ಕಿತು. ಬೇರೆಯವರ ಜೀವ ತೆತ್ತು ಸಿಗುವುದರಲ್ಲಿತ್ತು.

ನಾಲ್ಕು ತಿಂಗಳ ನಂತರ ಮತ್ತೆ ಆ ಗಣಿಗೆ ಹೋದೆ. ಹೊತ್ತು ಒಂದು ಗಂಟೆ ದಾಟಿತ್ತು. ಖಾಜಾ ಅಂದು ರಜೆ. ಹನುಮಂತಪ್ಪನವರು ವಾಕಿ-ಟಾಕಿ ಎತ್ತಿ, ಕನ್ನಡದಲ್ಲಿ ಬ್ಲಾಸ್ಟಿಂಗ್ ಸೂಚನೆ ಕೊಟ್ಟು, ತಿಳೀತೇನು ಎಂದು ಕೇಳಿದರು. ಗರಗರ ಸದ್ದು ಬಂತು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಬುಧ್‌ರಾಮನ ದನಿ ಬಂತು, ಹೊಸ ಬಟನ್ನಿನ ಮೇಲೆ ಬರೆದಿದ್ದ ಮಾತನ್ನೇ ಹೊತ್ತು.

“ತಿಳೀಲಿಲ್ರಿ. ಇನ್ನೊಮ್ಮೆ ಹೇಳ್ರಿ.”

ಹನುಮಂತಪ್ಪನವರು ಇನ್ನೊಮ್ಮೆ ಹೇಳಿದರು.