ಚಾಪೆಯ ಮೇಲೊಂದು ಜಾಗ

ಶಿಕಾರಿಪುರದ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಬೆಂಚುಗಳಿರಲಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಿದ್ದವರು ಒಬ್ಬ ಅಜ್ಜಿ. ಓದು ಬಾರದಿದ್ದರೂ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರು ತೆರೆದ ಪುಟವನ್ನೇ ತೆರೆಯಲು ನೋಡುತ್ತಿದ್ದರು. ತಡವಾಗಿ ಯಾರೇ ಬಾಗಿಲಲ್ಲಿ ನಿಂತರೂ ಅವರದು ಒಂದೇ ಮಾತು: "ಸ್ವಲ್ಪ ಸರ್ಕೊಳ್ರಿ, ಜಾಗ ಆಗ್ತೈತಿ."

ಹಾಡು ಹೇಳಿಸುವ ಕೆಲಸ ನನ್ನದು. ಒಂದು ವಾರ, ತಾಳಗುಂದದಿಂದ ಬರುವ ಟೈಲರ್ ಹೆಂಗಸಿಗೆ ಎಲ್ಲರೆದುರೇ, "ನಿಮಗೆ ಶ್ರುತಿ ಸಿಗಲ್ಲ, ಸುಮ್ನೆ ಕೂತ್ಕೊಳ್ರಿ" ಎಂದುಬಿಟ್ಟೆ. ಆಮೇಲೆ ಆಕೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ.

ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ. ಒಂದೇ ಬಟ್ಟಲು ಕೈಯಿಂದ ಕೈಗೆ ಬರುತ್ತದೆ. ಅಜ್ಜಿ ಅದನ್ನು ಹಿಡಿದು, ಟೈಲರ್ ಕೂರುತ್ತಿದ್ದ ಖಾಲಿ ಜಾಗ ನೋಡಿ, ಕುಡಿಯದೆ ನನ್ನ ಕೈಗೆ ಕೊಟ್ಟರು.

"ಯಾಕಜ್ಜಿ?" ಎಂದು ಪಿಸುಗುಟ್ಟಿದೆ.

"ಆಕಿ ಮನಸು ನೋಯಿಸಿ ಹೆಂಗ್ ಕುಡೀಲವ್ವಾ?"

"ನೋಯಿಸಿದ್ದು ನಾನಲ್ವಾ?"

"ನೀ ಅಂದಾಗ ನಾ ಸುಮ್ನೆ ಕೂತಿದ್ನಲ್ಲ."

ನನಗೂ ಕುಡಿಯಲಾಗಲಿಲ್ಲ. ಆರಾಧನೆ ಮುಗಿದ ಮೇಲೆ ಇಬ್ಬರೂ ತಾಳಗುಂದದ ಬಸ್ ಹತ್ತಿದೆವು. ಟೈಲರ್ ಮನೆಯ ಬಾಗಿಲಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ತಪ್ಪಾತವ್ವ" ಎಂದರು. ಅವರ ಹಿಂದೆ ನಾನೂ ಅದನ್ನೇ ಹೇಳಿದೆ. ಟೈಲರ್ ತಲೆಯೆತ್ತಲಿಲ್ಲ, ಹೊಲಿಗೆ ಮಷೀನ್ ಮಾತ್ರ ನಿಂತಿತು.

ಮುಂದಿನ ಭಾನುವಾರ ಎರಡನೇ ಹಾಡಿನ ನಡುವೆ ಆಕೆ ಬಂದು ಬಾಗಿಲಲ್ಲಿ ನಿಂತಳು. ಅಜ್ಜಿಯ ಮಾತಿಗಾಗಿ ಕಾದೆ. ಅವರು ಪುಟ ಹುಡುಕುವವರಂತೆ ಬೈಬಲಿನತ್ತ ಬಗ್ಗಿದ್ದರು. ಹಾಡು ನಿಲ್ಲಿಸಿ ನಾನೇ ಹೇಳಿದೆ: "ಸ್ವಲ್ಪ ಸರ್ಕೊಳ್ರಿ, ಜಾಗ ಆಗ್ತೈತಿ."