ಆರನೇ ಭಾಗ ಬರಲಿ

ನಮ್ಮಕ್ಕನ ಕೆಲಸ ಹಲ್ಲು ಮಾಡುವುದು. ಡಾಕ್ಟರೇನಲ್ಲ. ಡಾಕ್ಟರುಗಳು ಬೊಚ್ಚುಬಾಯಿಗಳ ಅಚ್ಚು ತೆಗೆದು ಕಳಿಸುತ್ತಾರೆ, ಲ್ಯಾಬಿನಲ್ಲಿ ಕೂತು ಇವಳು ಅದಕ್ಕೆ ಹೊಂದುವ ಹಲ್ಲಿನ ಸೆಟ್ಟು ಮಾಡಿಕೊಡುತ್ತಾಳೆ. ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಹಿತ್ತಾಳೆ ಡಬ್ಬಿಯಲ್ಲಿ ಬಿಗಿದು ಬೇಯಿಸಬೇಕು. ಬೆಂದ ಡಬ್ಬಿ ತಾನಾಗಿ ತಣ್ಣಗಾಗುವ ತನಕ ಮುಟ್ಟುವ ಹಾಗಿಲ್ಲ. ಬಿಸಿಯಲ್ಲೇ ಬಿಚ್ಚಿದರೆ ಸೆಟ್ಟು ಸೊಟ್ಟಗಾಗಿ ಯಾರ ಬಾಯಲ್ಲೂ ಕೂರುವುದಿಲ್ಲ. ಇಷ್ಟು ತಾಳ್ಮೆ ಬೇಡುವ ಕೆಲಸವನ್ನು ಇವಳ ಕೈಗೆ ಯಾರು ಕೊಟ್ಟರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಲ್ಯಾಬಿನ ಹೊರಗೆ ಅವಳು ಹಾಲು ಕಾಯುವ ತನಕ ಒಲೆಯ ಮುಂದೆ ನಿಂತವಳಲ್ಲ.

ನಾನು ಲಿಫ್ಟ್ ರಿಪೇರಿ ಮಾಡುವವನು. ಒಮ್ಮೆ ಗುಂಡಿ ಒತ್ತಿದವರು ಲಿಫ್ಟು ಬರುವ ತನಕ ಮತ್ತೆ ಮತ್ತೆ ಒತ್ತುವುದನ್ನು ದಿನಾ ನೋಡುತ್ತೇನೆ. ಅಕ್ಕ ಆ ಜಾತಿ. ನನ್ನ ಹೆಂಡತಿ ಇನ್ನೊಂದು ಜಾತಿ. ಕಾರು ಓಡಿಸಲು ಹೇಳಿಕೊಡುತ್ತಾಳೆ, ದಿನವಿಡೀ ಪಕ್ಕದ ಸೀಟಿನ ಬ್ರೇಕಿನ ಮೇಲೆ ಕಾಲಿಟ್ಟು ಕೂರುವ ಕೆಲಸ. ಕೆಳಗಿನ ಮನೆಯಲ್ಲಿ ನಾವಿಬ್ಬರು, ಮೇಲಿನ ಮನೆಯಲ್ಲಿ ಅಕ್ಕ ಮತ್ತು ಅಮ್ಮ ಇದ್ದರು. ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಅಕ್ಕನನ್ನೂ ನನ್ನ ಹೆಂಡತಿಯನ್ನೂ ಗಂಟು ಹಾಕಿದ್ದು ‘ಉಪ್ಪಿನ ಕೋಟೆ’ ಎಂಬ ಕಾದಂಬರಿ ಸರಣಿ. ಮಾಟ, ಮಾತಾಡುವ ಹಕ್ಕಿಗಳು, ಸಮುದ್ರ ಹಿಂದೆ ಸರಿದ ಊರು, ರಾಜಕುಮಾರಿಯ ಮುಂದೆ ದೀಪ ಹಿಡಿದು ನಡೆಯುವ ಒಬ್ಬಳು ಒಂಟಿಕೈಯವಳು. ಒಟ್ಟು ಆರು ಭಾಗ ಎಂದು ಬರೆಯುವವನು ಮೊದಲೇ ಹೇಳಿದ್ದ. ನಾನು ಒಂದು ಪುಟವನ್ನೂ ಓದಿದವನಲ್ಲ. ಆದರೂ ಊಟಕ್ಕೆ ಕೂತರೆ ಅದೇ ಮಾತು, ತರಕಾರಿ ಹೆಚ್ಚುವಾಗ ಅದೇ ಮಾತು. ಇಬ್ಬರೂ ಸೇರಿ ಒಂದೊಂದೇ ಪ್ರತಿ ಕೊಂಡು, ಒಬ್ಬರಾದ ಮೇಲೆ ಒಬ್ಬರು ಓದಿ, ನನ್ನ ತಲೆ ಚಿಟ್ಟು ಹಿಡಿಸುತ್ತಿದ್ದರು. ಆಗ ಅದು ಕಾಟ ಅನ್ನಿಸುತ್ತಿತ್ತು. ಆಮೇಲೆ ಆ ಕಾಟಕ್ಕಾಗಿ ಎಷ್ಟು ಹಂಬಲಿಸಿದೆನೋ ನನಗೇ ಗೊತ್ತು.

ಐದನೇ ಭಾಗ ಬಂದದ್ದು ಅಮ್ಮ ತೀರಿಕೊಂಡ ವರ್ಷ. ಅದರ ಕೊನೆಯ ಪುಟದಲ್ಲಿ ದೀಪದವಳು ರಾಜಕುಮಾರಿಯನ್ನು ಹೊರಗೆ ಬಿಟ್ಟು ತಾನೊಬ್ಬಳೇ ಸುರಂಗದೊಳಗೆ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಬಾಗಿಲಡಿಯ ಸಂದಿಯಲ್ಲಿ ಬೆಳಕು ಕಾಣುತ್ತಿರುತ್ತದೆ, ಅದೂ ಆರುತ್ತದೆ. ಅಲ್ಲಿಗೆ ಪುಸ್ತಕ ಮುಗಿಯಿತು.

ಅವಳು ಸತ್ತಳು ಎಂದಳು ನನ್ನ ಹೆಂಡತಿ. ಸಾಯುವುದೇನು, ವೈರಿಗೆ ಕಾಣಬಾರದೆಂದು ದೀಪವನ್ನು ಅವಳೇ ಆರಿಸಿಕೊಂಡಿದ್ದಾಳೆ ಎಂದಳು ಅಕ್ಕ. ಮೊದಲು ನಗುನಗುತ್ತಲೇ ಶುರುವಾದ ವಾದ ದಿನ ಕಳೆದಂತೆ ಬಿಗಿಯಾಯಿತು. ಒಂದು ಸಂಜೆ ಮೇಲಿನ ಮನೆಯಲ್ಲಿ, ಸೋಲೊಪ್ಪದ ಅಕ್ಕನ ಮೇಲೆ ನನ್ನ ಹೆಂಡತಿಗೆ ಪಿತ್ತ ನೆತ್ತಿಗೇರಿತು.

“ಹೋದವರ ಹಲ್ಲಿಗೆ ದಿನಾ ನೀರು ಬದಲಾಯಿಸ್ತೀರಿ. ನೀವು ಯಾರನ್ನ ತಾನೇ ಸತ್ತರು ಅಂತ ಒಪ್ತೀರಿ ಅತ್ತಿಗೆ?”

ಅಮ್ಮನ ಹಲ್ಲಿನ ಸೆಟ್ಟು ಮಾಡಿದ್ದು ಅಕ್ಕನೇ. ಸೆಟ್ಟು ಒಣಗಿದರೆ ಆಕಾರ ಕೆಡುತ್ತದೆ, ಅದಕ್ಕೇ ಅದನ್ನು ನೀರಲ್ಲಿಡುತ್ತಾರೆ. ಅಮ್ಮ ಹೋದ ಮೇಲೂ ಅದು ಅಡುಗೆಮನೆ ಕಿಟಕಿಯ ಗಾಜಿನ ಲೋಟದಲ್ಲೇ ಇತ್ತು. ಅಕ್ಕ ದಿನಾ ಕೆಲಸದಿಂದ ಬಂದವಳೇ ಹಳೇ ನೀರು ಚೆಲ್ಲಿ ಹೊಸ ನೀರು ಹಾಕುತ್ತಿದ್ದಳು. ನಾವು ನೋಡಿಯೂ ನೋಡದ ಹಾಗೆ ಇದ್ದೆವು. ಅವತ್ತು ಅದು ಬಾಯಿಬಿಟ್ಟು ಆಡಿದ ಮಾತಾಯಿತು.

ಅಕ್ಕ ಕೂಗಾಡಲಿಲ್ಲ. ಆರನೇ ಭಾಗ ಬರಲಿ, ನನ್ನದು ತಪ್ಪಾದರೆ ನಾನೇ ಕೆಳಗಿಳಿದು ಬಂದು ಮಾತಾಡಿಸ್ತೀನಿ, ಅಲ್ಲೀವರೆಗೆ ನಿನ್ನ ಮನೆ ನಿನಗೆ ನನ್ನ ಮನೆ ನನಗೆ ಎಂದಳು. ಹಾಗೇ ಆಗಲಿ, ನನ್ನದು ತಪ್ಪಾದರೆ ನಾನೇ ಮೇಲೆ ಹತ್ತಿ ಬರ್ತೀನಿ ಎಂದಳು ಇವಳು. ಬುದ್ಧಿ ಇರುವವರು ಯಾರಾದರೂ ರಾಜಿಯನ್ನು ಅಚ್ಚಾಗದ ಪುಸ್ತಕದ ಕೈಗೆ ಕೊಡುತ್ತಾರೆಯೇ? ಇವರು ಕೊಟ್ಟರು. ಪುಸ್ತಕಗಳೂ ಪಾಲಾದವು. ಒಂದು, ಮೂರು, ಐದು ಮೇಲಕ್ಕೆ. ಎರಡು, ನಾಲ್ಕು ಕೆಳಕ್ಕೆ.

ಆರನೇ ಭಾಗ ಬರಲಿಲ್ಲ. ಮುಂದಿನ ವರ್ಷ ಎಂದ ಆ ಪುಣ್ಯಾತ್ಮ. ಆಮೇಲೆ ಬೆನ್ನುನೋವು ಎಂದ. ಆಮೇಲೆ ಮುಗಿಯುತ್ತಾ ಬಂದಿದೆ ಎಂದ. ಕುರ್ಚಿಯಲ್ಲಿ ಕೂತು ಬರೆಯುವವನಿಗೆ ಅದೇನು ಅಷ್ಟು ಬೆನ್ನುನೋವು ಎಂದು ನಾನು ಲಿಫ್ಟಿನ ಕೆಳಗಿನ ಹಳ್ಳದೊಳಗೆ ತಲೆಕೆಳಗಾಗಿ ಬಗ್ಗಿಕೊಂಡು ಅವನನ್ನು ಶಪಿಸುತ್ತಿದ್ದೆ.

ಫೋನಿನಲ್ಲಿ ಅಭಿಮಾನಿಗಳದ್ದೊಂದು ಗುಂಪಿತ್ತು. ಎಲ್ಲೆಲ್ಲಿಯೋ ಇರುವ ಜನ ದಿನಾ ಅಲ್ಲಿ ಸೇರಿ ಬೈದುಕೊಂಡು, ಊಹೆ ಹೆಣೆದುಕೊಂಡು ಕಾಯುತ್ತಿದ್ದರು. ಇವರಿಬ್ಬರೂ ಅದರಲ್ಲಿದ್ದರು. ಕೆಲವರಿಗೆ ಎಲ್ಲರನ್ನೂ ಸಾಯಿಸುವ ಆತುರ ಎಂದು ಮೇಲಿನಿಂದ ಅಕ್ಕ ಬರೆದರೆ, ಕೆಲವು ಹಿರಿಯರಿಗೆ ಪುಟದಲ್ಲಿ ಇಲ್ಲದ್ದೂ ಕಾಣುತ್ತೆ ಎಂದು ಕೆಳಗಿನಿಂದ ಇವಳು ಬರೆಯುತ್ತಿದ್ದಳು. ಅವರಿಬ್ಬರ ನಡುವೆ ಇದ್ದದ್ದು ನಮ್ಮ ಮನೆಯ ಸೂರು ಮಾತ್ರ ಎಂದು ಗುಂಪಿನ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಬೇಕಾಗಿದ್ದು ಒಂದೇ, ಇವರು ಮತ್ತೆ ಒಂದೇ ಮೇಜಿನಲ್ಲಿ ಕೂತು ನನ್ನ ತಲೆ ತಿನ್ನಬೇಕು. ಅದಕ್ಕಾಗಿ ನಾನೂ ಆ ದರಿದ್ರ ಪುಸ್ತಕಕ್ಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ.

ಈ ವರ್ಷ ಪ್ರಕಾಶಕರು ತಾರೀಖೇ ಹೇಳಿಬಿಟ್ಟರು. ಹೊಸ ಭಾಗ ಬರುವ ಮೊದಲು ಹಳೆಯದನ್ನೆಲ್ಲ ಇನ್ನೊಮ್ಮೆ ಓದಬೇಕೆಂಬುದು ಆ ಗುಂಪಿನವರ ನೇಮ. ಇಬ್ಬರ ಬಳಿಯೂ ಅರ್ಧರ್ಧ ಇದ್ದುದರಿಂದ ಹಮಾಲಿ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಸ್ಪ್ಯಾನರಿನ ಚೀಲದಲ್ಲಿ ಎರಡನೇ ಭಾಗ ಇಟ್ಟುಕೊಂಡು ಮೇಲೆ ಹತ್ತುತ್ತಿದ್ದೆ, ಇಳಿಯುವಾಗ ಮೂರನೆಯದು ತರುತ್ತಿದ್ದೆ. ಅವಳು ಎಲ್ಲಿಗೆ ಬಂದಳು ಎಂದು ಅಕ್ಕ ಕೇಳುತ್ತಿದ್ದಳು. ಅವರು ಎಲ್ಲಿಗೆ ಬಂದರು ಎಂದು ಇವಳು ಕೇಳುತ್ತಿದ್ದಳು. ಹೇಗಿದ್ದಾಳೆ ಎಂದು ಮಾತ್ರ ಇಬ್ಬರೂ ಕೇಳಲಿಲ್ಲ.

ಅಕ್ಕನ ಕಾಲು ನೆಲದ ಮೇಲೆ ನಿಲ್ಲದಾಯಿತು. ನಮ್ಮ ತಲೆಯ ಮೇಲೆ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ಹೆಜ್ಜೆ ಸದ್ದು. ಇವಳೋ ಪಾಠದ ನಡುವೆ ಸುಮ್ಮಸುಮ್ಮನೆ ಬ್ರೇಕ್ ಹಾಕಿ ಕಲಿಯುವವರನ್ನು ಗಾಬರಿಪಡಿಸುತ್ತಿದ್ದಳು. ಆ ವಾರವೇ ಲ್ಯಾಬಿನಲ್ಲಿ ಅಕ್ಕ ಎಂದೂ ಮಾಡದ ತಪ್ಪು ಮಾಡಿದಳು. ಮಗಳ ಮದುವೆಗೆ ಮುಂಚೆ ಹಲ್ಲು ಬೇಕೆಂದು ಕಾಯುತ್ತಿದ್ದ ಒಬ್ಬ ಮೇಷ್ಟ್ರ ಸೆಟ್ಟಿನ ಡಬ್ಬಿಯನ್ನು ಬಿಸಿಯಲ್ಲೇ ಬಿಚ್ಚಿಬಿಟ್ಟಳು. ಲ್ಯಾಬಿನ ಯಜಮಾನರಿಂದ ಚೆನ್ನಾಗಿ ಬೈಸಿಕೊಂಡಳು. ಒಂದು ಚೂರು ಬಾಗಿದ್ದಕ್ಕೆ ಇಷ್ಟು ರಂಪವೇ, ನೆಟ್ಟಗೆ ಮಾಡಿದರಾಯಿತಲ್ಲ ಎಂದೆ ನಾನು.

“ಒಂದ್ಸಲ ಸೊಟ್ಟಗಾದ್ರೆ ನೆಟ್ಟಗಾಗಲ್ಲ ಕಣೋ. ಮೊದಲಿಂದ ಹೊಸದೇ ಮಾಡ್ಬೇಕು.”

ಎರಡನೇ ಭಾಗ ಅವಳ ಮೇಜಿನ ಮೇಲಿಟ್ಟು ಇಳಿದು ಬಂದೆ.

ತಾರೀಖು ಹತ್ತಿರ ಬಂದಾಗ ಆ ಸುದ್ದಿ ಬಂತು. ಸಂಜೆ ಕೆಲಸದಿಂದ ಬಂದರೆ ನನ್ನ ಹೆಂಡತಿ ಚಪ್ಪಲಿಯನ್ನೂ ಬಿಡದೆ, ಫೋನ್ ಹಿಡಿದುಕೊಂಡು ಕೂತಿದ್ದಳು. ಆರನೇ ಭಾಗ ಬರುವುದಿಲ್ಲ. ಮುಂದಕ್ಕೆ ಹೋದದ್ದಲ್ಲ, ಇಲ್ಲವೇ ಇಲ್ಲ. ಬರೆಯುವವನು ಕೈ ಎತ್ತಿಬಿಟ್ಟಿದ್ದ. ಎಷ್ಟು ವರ್ಷ ಬರೆದು ಹರಿದು ಹಾಕಿದರೂ ಆ ಬಾಗಿಲಿನ ಹಿಂದೆ ಏನಾಯಿತೆಂದು ತನಗೇ ಗೊತ್ತಾಗುತ್ತಿಲ್ಲ, ಕ್ಷಮಿಸಿ ಎಂದಿದ್ದ.

ಗುಂಪಿನಲ್ಲಿ ಬೈಗುಳದ ಮಳೆ ಸುರಿಯುತ್ತಿತ್ತು. ಅಕ್ಕ ಒಂದು ಅಕ್ಷರವೂ ಬರೆದಿರಲಿಲ್ಲ. ಮೇಲೆ ಹೆಜ್ಜೆ ಸದ್ದು ಮಾತ್ರ ನಿಲ್ಲಲಿಲ್ಲ. ನನಗೆ ಅವನ ಮೇಲಿನ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಇನ್ನು ಯಾರದು ತಪ್ಪೆಂದು ಹೇಳುವವರೇ ಇಲ್ಲ. ಹಾಗಾದರೆ ಯಾರು ಇಳಿಯಬೇಕು, ಯಾರು ಹತ್ತಬೇಕು? ನಾನು ಅಡುಗೆಗೆ ಈರುಳ್ಳಿ ಹೆಚ್ಚುತ್ತಾ ಕೂತೆ. ಇವಳು ದೀಪವನ್ನೂ ಹಾಕದೆ ಬಾಗಿಲಿನ ಎದುರಿಗೇ ಕೂತಿದ್ದಳು.

ಕತ್ತಲಾಗುತ್ತಾ ಬಂದಾಗ ಮೇಲಿನ ಹೆಜ್ಜೆ ನಿಂತಿತು. ಮೇಲಿನ ಬಾಗಿಲು ತೆರೆದ ಸದ್ದು. ಮೆಟ್ಟಿಲ ದೀಪ ಹತ್ತಿತು, ನಮ್ಮ ಬಾಗಿಲಡಿಯ ಸಂದಿಯಲ್ಲಿ ಬೆಳಕಿನ ಗೆರೆ ಬಿತ್ತು. ಚಪ್ಪಲಿ ಸದ್ದು ಇಳಿದು ಬಂದು ನಮ್ಮ ಬಾಗಿಲ ಮುಂದೆ ನಿಂತಿತು. ಬಾಗಿಲು ತಟ್ಟಲಿಲ್ಲ. ನಾನು ಹೆಚ್ಚುವುದನ್ನು ನಿಲ್ಲಿಸಿದೆ. ಮೆಟ್ಟಿಲ ದೀಪದ ಸ್ವಿಚ್ಚು ಕೆಳಗಡೆಯೂ ಒಂದಿದೆ, ನಮ್ಮ ಬಾಗಿಲ ಪಕ್ಕದಲ್ಲಿ. ಅದು ಟಕ್ಕೆಂದಿತು. ಬೆಳಕಿನ ಗೆರೆ ಆರಿಹೋಯಿತು.

ವಾಪಸ್ ಹೋದಳು ಅನ್ನಿಸುತ್ತೆ ಎಂದೆ ನಾನು.

“ಇಲ್ಲ,” ಅಂದಳು ಇವಳು. “ಆರಿಸ್ಕೊಂಡು ನಿಂತಿದ್ದಾರೆ.”

ಎದ್ದು ಹೋಗಿ ಬಾಗಿಲು ತೆರೆದಳು. ಕತ್ತಲಲ್ಲಿ ಅಕ್ಕ ಐದನೇ ಭಾಗವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅತ್ತು ಊದಿದ ಮುಖ.

“ಅವಳು ಸತ್ತೇ ಹೋಗಿರ್ಬೇಕು ಕಣೆ,” ಅಂದಳು. “ನೀನು ಹೇಳಿದ್ದೇ ಸರಿ.”

“ಸುಮ್ನಿರಿ ಅತ್ತಿಗೆ. ಬದುಕಿದ್ದಾಳೆ.”

ಬೆಳಕು ಆರಿದ ಮೇಲೆ ಒಂದು ಸದ್ದೂ ಬರಲಿಲ್ಲವಲ್ಲ ಎಂದು ಅಕ್ಕ ವಾದಕ್ಕಿಳಿದಳು. ಸದ್ದು ಮಾಡಬಾರದೆಂದೇ ತಾನೇ ಆರಿಸಿದ್ದು ಎಂದು ಇವಳು ತಿರುಗಿ ಬಿದ್ದಳು. ಹೊಸ್ತಿಲ ಆಚೆ ಒಬ್ಬಳು, ಈಚೆ ಒಬ್ಬಳು. ಒಬ್ಬರ ಮಾತನ್ನು ಇನ್ನೊಬ್ಬರು ಹಿಡಿದುಕೊಂಡು ಹಟಕ್ಕೆ ಬಿದ್ದು ಜಗಳಾಡಿದರು. ನನ್ನ ಕಣ್ಣಲ್ಲಿ ನೀರು ಬಂತು, ಎಲ್ಲವೂ ಈರುಳ್ಳಿಯದಲ್ಲ.

ಮಾತಿನ ನಡುವೆ ನನ್ನ ಹೆಂಡತಿ ಒಮ್ಮೆಲೇ ನಿಲ್ಲಿಸಿದಳು.

“ಇವತ್ತು ಲೋಟದ ನೀರು ಬದಲಾಯಿಸಿದ್ರಾ?”

ಅಕ್ಕ ತಲೆಯಾಡಿಸಿದಳು. ಇಲ್ಲ.

“ನಡೀರಿ. ಒಣಗೀತು.”

ಇಬ್ಬರೂ ಮೆಟ್ಟಿಲು ಹತ್ತಿದರು. ದೀಪ ಹಾಕುವುದನ್ನು ಇಬ್ಬರೂ ಮರೆತಿದ್ದರು, ನಾನು ಎದ್ದು ಹೋಗಿ ಹಾಕಿದೆ.