ಒಂದೇ ಜಾಗದ ಗೀರು

ಮೊನ್ನೆ ನಂಜನಗೂಡಿನ ಆಸ್ಪತ್ರೆಯಲ್ಲಿ ನರ್ಸಮ್ಮ ಇಂಜೆಕ್ಷನ್ ಕೊಡುವ ಮೊದಲು ನನ್ನ ತೋಳಿಗೆ ಸ್ಪಿರಿಟ್ ಸವರಿದರು. ಆ ವಾಸನೆಯಿಂದ ನಿಮಗೆ ಕಾಯಿಲೆ ನೆನಪಾಗಬಹುದು. ನನಗೆ ಮಾದೇವಮ್ಮ ನೆನಪಾದರು.

ತೊಂಬತ್ತರ ದಶಕದಲ್ಲಿ ನಾನು ಅಲ್ಲೇ ಹತ್ತಿರದ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಲಾಪಿ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿದ್ದೆ. ವಿಭಾಗವೆಂದರೆ ನಾನು, ಒಂದು ಡ್ರಾಯಿಂಗ್ ಬೋರ್ಡು ಮತ್ತು ನನ್ನ ಜಂಬ. ಫ್ಲಾಪಿಯನ್ನು ನೀವು ನೋಡಿರುತ್ತೀರಿ; ಅಂಗೈಯಗಲದ ಪ್ಲಾಸ್ಟಿಕ್ ಕವಚ, ಅದರೊಳಗೆ ಅಯಸ್ಕಾಂತದ ಪುಡಿ ಲೇಪಿಸಿದ ತೆಳ್ಳನೆಯ ಬಿಲ್ಲೆ. ಕಂಪ್ಯೂಟರು ಬರೆದದ್ದೆಲ್ಲ ಉಳಿಯುವುದು ಆ ಲೇಪದಲ್ಲೇ. ಬಿಲ್ಲೆ ತಿರುಗುವಾಗ ಧೂಳು ಒರೆಸಲು ಒಳಗೊಂದು ಬಟ್ಟೆ, ಬಟ್ಟೆಯನ್ನು ಮೆಲ್ಲಗೆ ಒತ್ತಿ ಹಿಡಿಯಲು ಒಂದು ಪಟ್ಟಿ. ಆ ಪಟ್ಟಿಯ ಬಾಗು ನನ್ನ ಡಿಸೈನು.

ಒಂದು ವರ್ಷ ಬಿಲ್ಲೆಗಳ ಮೇಲೆ ಗೀರು ಬೀಳತೊಡಗಿತು. ಧೂಳಿನ ಕೆಲಸ ಎಂದು ತೀರ್ಪು ಕೊಟ್ಟೆ. ತಪಾಸಣೆ ಮೇಜಿನ ಹೆಂಗಸರು ಹೂ ಮುಡಿದು ಬರಬಾರದೆಂದು ಬೋರ್ಡ್ ಬರೆಸಿದೆ. ಹೂ ನಿಂತಿತು, ಗೀರು ನಿಲ್ಲಲಿಲ್ಲ.

ಹದಿನಾರು ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮಾದೇವಮ್ಮ ಆ ಮೇಜಿನವರು. ಒಂದು ಮಧ್ಯಾಹ್ನ ಸ್ಪಿರಿಟ್‌ನಲ್ಲಿ ಕೈ ಒರೆಸಿಕೊಳ್ಳುತ್ತಲೇ ನನ್ನ ಬಳಿ ಬಂದರು.

"ಧೂಳಲ್ಲ ಕಣ್ ಸಾ. ಧೂಳಾಗಿದ್ರೆ ಎಲ್ ಬೇಕಾದ್ರೂ ಗೀರಾಗ್ಬೇಕಿತ್ತು. ಇದು ಎಲ್ಲಾದ್ರಲ್ಲೂ ನಡುವಿಂದ ಒಂದೇ ದೂರದಲ್ಲಿ ಬತ್ತದೆ. ಒಳ್ಗಡೆ ಆ ಪಟ್ಟಿ ಜಾಸ್ತಿ ಒತ್ತುತದೆ."

ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಗದರಿ ಕಳಿಸಿದೆ. ಆಮೇಲೆ ಯಾರೂ ಇಲ್ಲದಾಗ ಹತ್ತು ಫ್ಲಾಪಿ ಬಿಚ್ಚಿ ನೋಡಿದೆ. ಆಕೆ ಹೇಳಿದ್ದೇ ಸರಿ. ಪಟ್ಟಿಯ ಬಾಗನ್ನು ಕೂದಲೆಳೆಯಷ್ಟು ಕಡಿಮೆ ಮಾಡಿ ಹೊಸ ನಕ್ಷೆ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.

ಗೀರು ಮಾಯವಾಯಿತು. ಮ್ಯಾನೇಜರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಕೆಟ್ಟ ಮಾಲೇ ಇಲ್ಲದ ಮೇಲೆ ತಪಾಸಣೆಗೆ ಅಷ್ಟು ಜನ ಯಾಕೆಂದು ಮರುತಿಂಗಳು ಆರು ಹೆಂಗಸರನ್ನು ಕೆಲಸದಿಂದ ಬಿಡಿಸಿದರು. ಮಾದೇವಮ್ಮನೂ ಅವರಲ್ಲೊಬ್ಬರು.

ಹೊರಡುವಾಗ ಗೇಟಿನ ಬಳಿ ನನ್ನನ್ನು ಕೇಳಿದರು: "ಆ ಪಟ್ಟಿ ವಿಸ್ಯ ಕಂಡಿದ್ದು ನಾನು ಅಂತ ಮೇಲ್ನೋರ್ಗೆ ಯೋಳಿದ್ರಾ ಸಾ?"

"ಹೇಳಿದೀನಮ್ಮ. ನಿಮ್ಮ ಹೆಸರು ಬರೆದೂ ಇಟ್ಟಿದೀನಿ."

ಆಕೆಯ ಮುಖ ಅರಳಿತು. ಅದನ್ನು ನೋಡಲಾಗದೆ ನಾನು ವಾಚು ನೋಡಿಕೊಂಡೆ.

ಸಿಡಿ ಬಂತು, ಪೆನ್‌ಡ್ರೈವ್ ಬಂತು. ಕಾರ್ಖಾನೆಗೆ ಬೀಗ ಬಿತ್ತು. ನಾನು ತಿ. ನರಸೀಪುರದಲ್ಲಿ ಐಟಿಐ ಮೇಷ್ಟ್ರಾದೆ. ಪಾಠ ಹೇಳುವುದು, ನಗಬೇಡಿ, ಡಿಸೈನನ್ನೇ.

ಮೊನ್ನೆ ಆಸ್ಪತ್ರೆಯಿಂದ ನೇರ ಹದಿನಾರಿಗೆ ಹೋದೆ. ಮಾದೇವಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಯಾರೆಂದು ತಿಳಿದ ಮಗಳು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟಳು.

"ಅವ್ವ ಎಲ್ಲಾರ್ಗೂ ಯೋಳ್ಕೊಂಡ್ ತಿರ್ಗೋಳು ಸಾ, ಫ್ಯಾಕ್ಟ್ರಿ ಕಾಗ್ದದಲ್ಲಿ ನನ್ನೆಸ್ರು ಅದೆ ಅಂತ."

"ಇಲ್ಲಮ್ಮ," ಎಂದೆ. "ನಾನು ಬರೆದಿರಲಿಲ್ಲ. ಸುಳ್ಳು ಹೇಳಿದ್ದೆ."

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡಳು. "ಅವ್ವ ಬದ್ಕಿದ್ದಾಗ ಬರ್ಲಿಲ್ಲ. ಈಗ ನಂಗ್ಯಾಕ್ ಯೋಳಿದ್ರಿ?"

ನಿಜ ಹೇಳಿದರೆ ಎದೆ ಹಗುರಾದೀತು ಎಂದುಕೊಂಡು ಹೋಗಿದ್ದೆ. ತಾಯಿ ಆ ಮನೆಯಲ್ಲಿ ಬಿಟ್ಟುಹೋಗಿದ್ದ ಹೆಮ್ಮೆಯೊಂದನ್ನು ಕಿತ್ತುಕೊಂಡು ಬಂದೆ.